ಅಕ್ಕನ ಮನೆಯ ಅಡಿಕೆ ಸಿಪ್ಪೆ ಇದ್ದಿಲಾದದ್ದು: ಮೂರು ವರ್ಷದ ಒಂದು ಪ್ರಕರಣ ಅಧ್ಯಯನ

ಏಪ್ರಿಲ್ ಹೊತ್ತಿಗೆ ಶಿರಸಿ ಸುತ್ತ ಯಾವ ರಸ್ತೆ ಹಿಡಿದರೂ ಬದಿಯಲ್ಲಿ ಅಡಿಕೆ ಸಿಪ್ಪೆಯ ರಾಶಿ ಸಿಗುತ್ತದೆ. ಕೆಲವಕ್ಕೆ ಬೆಂಕಿ ಇಟ್ಟಿರುತ್ತಾರೆ. ಅದು ಸರಿಯಾಗಿ ಉರಿಯುವುದೂ ಇಲ್ಲ, ಆರುವುದೂ ಇಲ್ಲ, ಮೂರು ದಿನ ನಾಲ್ಕು ದಿನ ಸುಮ್ನೆ ಹೊಗೆಯಾಡುತ್ತಾ ಬೈಕಿನಲ್ಲಿ ಹೋಗುವವರ ಕಣ್ಣು ಉರಿಸುತ್ತಾ ಇರುತ್ತದೆ. ನಮ್ಮ ಅಕ್ಕನ ಮನೆಯ ಕೊಟ್ಟಿಗೆ ಹಿಂದೆಯೂ ಅಂಥದ್ದೊಂದು ರಾಶಿ ಇತ್ತು. ಅದನ್ನು ಇದ್ದಿಲು ಮಾಡಿ ತೋಟಕ್ಕೆ ಹಾಕಿದ ಮೂರು ವರ್ಷದ ಕತೆ ಇದು. ಮೊದಲ ವರ್ಷ ಪೂರ್ತಿ ಎಡವಟ್ಟು. ಅದನ್ನೂ ಬಿಡದೆ ಬರೆಯುತ್ತೇನೆ, ಯಾಕಂದ್ರೆ ಇಂಥ ಇದ್ದಿಲಿನ, ಅಂದರೆ ಬಯೋಚಾರ್ ಬಗ್ಗೆ ಓದಲು ಸಿಗುವುದೆಲ್ಲ ಗೆದ್ದವರ ಕತೆಯೇ.

ಮೊದಲು ಜಾಗದ ಪರಿಚಯ. ಶಿರಸಿಯಿಂದ ಕುಮಟಾ ರಸ್ತೆಯಲ್ಲಿ ಅರ್ಧ ಗಂಟೆ, ಅಲ್ಲಿಂದ ಒಳಗೆ ಮಣ್ಣು ರಸ್ತೆ. ಒಂದು ಎಕರೆ ಅಡಿಕೆ ತೋಟ, ಐನೂರು ಚಿಲ್ಲರೆ ಮರ, ಅರ್ಧಕ್ಕೆ ಕಾಳುಮೆಣಸಿನ ಬಳ್ಳಿ. ಎರಡು ಆಕಳು, ಒಂದು ಎಮ್ಮೆ, ಒಂದು ಗೋಬರ್ ಗ್ಯಾಸ್. ಮನೆಯಲ್ಲಿ ಅಕ್ಕ, ಭಾವ, ಭಾವನ ಅಪ್ಪ ಅಂದರೆ ಮಾವ. ಮಕ್ಕಳಿಬ್ಬರೂ ಬೆಂಗಳೂರು. ದೊಡ್ಡ ಹಿಡುವಳಿದಾರರಲ್ಲ, ಸಾಲವೂ ಇದೆ, ಆಳಿನ ತಾಪತ್ರಯವೂ ಇದೆ. ಅಂದರೆ ನಮ್ಮ ಕಡೆಯ ಯಾವ ಮನೆಯಾದರೂ ಆಗಬಹುದು.

ಸಿಪ್ಪೆಯ ಲೆಕ್ಕ ಕೇಳಿ. ಹಣ್ಣಡಿಕೆಯ ತೂಕದಲ್ಲಿ ನೂರಕ್ಕೆ 60ರಿಂದ 80 ಭಾಗ ಸಿಪ್ಪೆಯೇ. ಕೆಂಪಡಿಕೆ ಮಾಡುವವರು ಹಸಿಯಲ್ಲೇ ಸುಲಿಯುತ್ತಾರೆ, ಅವರ ಸಿಪ್ಪೆ ನೀರು ಕುಡಿದ ಒದ್ದೆ ಮುದ್ದೆ. ಭಾವನ ಮನೆಯಲ್ಲಿ ಚಾಲಿ. ಹಣ್ಣಡಿಕೆಯನ್ನು ತಿಂಗಳ ಮೇಲೆ ಅಂಗಳದಲ್ಲಿ ಒಣಗಿಸಿ, ಆಮೇಲೆ ಸುಲಿಯುವ ಯಂತ್ರ ತರಿಸುತ್ತಾರೆ. ಯಂತ್ರ ಹೋದ ಮೇಲೆ ಉಳಿಯುವುದು ಒಣ ಸಿಪ್ಪೆಯ ಗುಡ್ಡ. ತೋಟಕ್ಕೆ ಹಾಗೇ ಹೊದಿಸಬಹುದು, ಕೆಲವರು ಹೊದಿಸುತ್ತಾರೆ ಕೂಡ. ಆದರೆ ನಾರು ಕರಗಲು ವರ್ಷಗಟ್ಟಲೆ ಬೇಕು, ನಡುವೆ ಒರಲೆ (ಗೆದ್ದಲು) ಹತ್ತುತ್ತದೆ ಅಂತ ಭಾವನ ತಕರಾರು. ಹಾಗಾಗಿ ಅದು ಕೊಟ್ಟಿಗೆ ಹಿಂದೆ ಬೀಳುತ್ತಿತ್ತು, ಬೇಸಿಗೆಯ ಒಂದು ಸಂಜೆ ಬೆಂಕಿ ಕಾಣುತ್ತಿತ್ತು.

ಇನ್ನು ಮಣ್ಣು. ನಮ್ಮದು ಜಂಬಿಟ್ಟಿಗೆಯ ಕೆಂಪು ಮಣ್ಣು, ಮೇಲಿಂದ ಮಳೆ ಎರಡೂವರೆ ಸಾವಿರ ಮಿಲಿಮೀಟರ್ ಆಸುಪಾಸು. ಅಷ್ಟು ನೀರು ಹರಿದರೆ ಸುಣ್ಣದ ಅಂಶ, ಪೊಟ್ಯಾಷ್ ಎಲ್ಲ ತೊಳೆದು ಹಳ್ಳ ಸೇರುತ್ತದೆ, ಮಣ್ಣು ಹುಳಿಯಾಗುತ್ತದೆ. ಭಾವನ ತೋಟದ ಮಣ್ಣು ಪರೀಕ್ಷೆ ಮಾಡಿಸಿದಾಗ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 5.2 ಬಂತು. ಅಡಿಕೆ ಮರ ಪೊಟ್ಯಾಷ್ ಜಾಸ್ತಿ ಕೇಳುವ ಬೆಳೆ. ಒಂದು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಕೊಡಿ, ಜೊತೆಗೆ 12 ಕಿಲೋ ಸೊಪ್ಪು, 12 ಕಿಲೋ ಕಾಂಪೋಸ್ಟ್ ಹಾಕಿ ಅನ್ನುತ್ತದೆ ಶಿಫಾರಸು. ಕೊಡುತ್ತೇವೆ ಅಂತಲೇ ಇಟ್ಟುಕೊಳ್ಳಿ, ಅದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಈ ಮಣ್ಣಿಗೆ ಕಡಿಮೆ. ಗೊಬ್ಬರದ ಚೀಲ ಬಿಚ್ಚುವುದು ನಾವು, ಉಣ್ಣುವುದು ಹಳ್ಳ.

ಇಲ್ಲೇ ನನಗೆ ಬಯೋಚಾರ್ ಆಸೆ ಹುಟ್ಟಿದ್ದು. ಬಯೋಚಾರ್ ಅಂದರೆ ಮಣ್ಣಿಗೆ ಹಾಕಲು ಅಂತಲೇ ಮಾಡಿದ ಇದ್ದಿಲು, ಅಷ್ಟೇ. ಗಾಳಿ ಸಾಲದ ಜಾಗದಲ್ಲಿ 400ರಿಂದ 700 ಡಿಗ್ರಿ ಬಿಸಿಯಲ್ಲಿ ಬೆಂದ ಕಸಕಡ್ಡಿ ಬೂದಿಯಾಗದೆ ಇದ್ದಿಲಾಗುತ್ತದೆ. ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ತೂತು. ನೀರು, ಗೊಬ್ಬರದ ಸತ್ವ, ಸೂಕ್ಷ್ಮಜೀವಿ ಎಲ್ಲಕ್ಕೂ ಅಲ್ಲಿ ಜಾಗ. ಬೂದಿ ಒಂದು ಮಳೆಗೆ ಹೋಗುತ್ತದೆ, ಇದ್ದಿಲು ನೂರಾರು ವರ್ಷ ಮಣ್ಣಲ್ಲೇ ಇರುತ್ತದೆ. ಅಮೆಜಾನ್ ಕಾಡಿನಲ್ಲಿ ಹಿಂದಿನ ಜನ ಇದ್ದಿಲು, ಎಲುಬು, ಮನೆಯ ಕಸ ಸೇರಿಸಿ ಮಾಡಿದ ಕಪ್ಪು ಮಣ್ಣು ಇವತ್ತಿಗೂ ಫಲವತ್ತಾಗಿದೆ, ಅದನ್ನು ಟೆರಾ ಪ್ರೇಟಾ ಅನ್ನುತ್ತಾರೆ. 2017ರಲ್ಲಿ ಹಲವು ದೇಶಗಳ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ನಮ್ಮಂಥ ಬಿಸಿ ಸೀಮೆಯ ಹುಳಿ ಮಣ್ಣಿನಲ್ಲಿ ಸರಾಸರಿ 25 ಶೇಕಡಾ ಇಳುವರಿ ಏರಿದ್ದು ಕಂಡಿತು. ಯುರೋಪಿನಂಥ ತಂಪು ಸೀಮೆಯಲ್ಲಿ ಏನೂ ಏರಿರಲಿಲ್ಲ. ಅಂದರೆ ಇದು ಬಡ ಮಣ್ಣಿನ ಮದ್ದು, ಚೆನ್ನಾಗಿರುವ ಮಣ್ಣಿಗೆ ಬೇಕಾಗಿಲ್ಲ.

ನಾನು ಇದನ್ನೆಲ್ಲ ಜಗಲಿಯಲ್ಲಿ ಕೂತು ಜೋರಾಗಿ ವಿವರಿಸುತ್ತಿದ್ದರೆ ಮಾವ ಕವಳ ಹಾಕುತ್ತಾ ಕೇಳಿದರು. ಕೊನೆಗೆ ಒಂದೇ ಮಾತು: "ನಮ್ಮ ಸುಡುಮಣ್ಣಿಗೇ ಪ್ಯಾಂಟ್ ಹಾಕ್ಸಿ ತಂದಿದ್ದೆ ಮಾರಾಯಾ."

ತಪ್ಪಿಲ್ಲ ಅವರು ಹೇಳಿದ್ದು. ಕಡ್ಡಿ, ಸೆಗಣಿ, ತರಗು ಪೇರಿಸಿ ಮೇಲೆ ಮಣ್ಣು ಮುಚ್ಚಿ ನಿಧಾನ ಸುಟ್ಟು ಸೌತೆ, ಗೆಣಸಿಗೆ ಹಾಕುವ ಸುಡುಮಣ್ಣು ಕರಾವಳಿಯಲ್ಲೂ ಘಟ್ಟದ ಮೇಲೂ ಹಳೆಯ ಪದ್ಧತಿ. ಮಣ್ಣಿನಡಿ ಗಾಳಿ ಸಾಲದೆ ಅಲ್ಲೂ ಒಂದಷ್ಟು ಇದ್ದಿಲು ಉಳಿಯುತ್ತಿತ್ತು. ಹೆಸರು ಬೇರೆ, ಅಷ್ಟೇ. ಹೊಗೆ ಮಾತ್ರ ಊರಿಗೆಲ್ಲ.

ಈಗ ಮೊದಲ ವರ್ಷದ ಎಡವಟ್ಟುಗಳಿಗೆ ಬರೋಣ. ಒಂದಲ್ಲ, ನಾಲ್ಕು.

ಹೊಂಡ ತೆಗೆದೆವು, ಸಿಪ್ಪೆ ತುಂಬಿದೆವು, ಬೆಂಕಿ ಹಾಕಿದೆವು. ಸಿಪ್ಪೆಯ ನಾರು ಒತ್ತಿಕೊಂಡು ಹಾಸಿಗೆಯಂತೆ ಕೂತುಬಿಟ್ಟಿತು. ಜ್ವಾಲೆ ಸತ್ತು ಬಿಳಿ ಹೊಗೆ ಎದ್ದಿತು, ಎಷ್ಟೆಂದರೆ ಕೆಳಗಿನ ಮನೆಯವರು ಮೇಲೆ ಬಂದು ನೋಡಿ ಹೋದರು. ಬಿಳಿ ಹೊಗೆ ಅಂದರೆ ಉರಿಯಬೇಕಾದ ಗ್ಯಾಸ್ ಉರಿಯದೆ ಆಕಾಶಕ್ಕೆ ಹೋಗುತ್ತಿದೆ ಅಂತ. ಅದೇ ಗಂಟಲಿಗೂ ಕೆಟ್ಟದ್ದು, ಗಾಳಿಗೂ ಕೆಟ್ಟದ್ದು. ಆ ದಿನ ನಾವು ಮಾಡಿದ್ದಕ್ಕೂ ರಸ್ತೆ ಬದಿಯ ರಾಶಿಗೂ ಏನೂ ಫರಕಿರಲಿಲ್ಲ.

ಮುಂದೆ ಹೇಗೋ ಕಟ್ಟಿಗೆ ಚೂರು ಸೇರಿಸಿ ಕೆಲವು ಚೀಲ ಇದ್ದಿಲು ಮಾಡಿದೆವು. ಆರಿದೆ ಅಂದುಕೊಂಡು ಗೋಣಿಚೀಲದಲ್ಲಿ ತುಂಬಿ ಕೊಟ್ಟಿಗೆ ಮಾಡಿನಡಿ ಇಟ್ಟೆವು. ರಾತ್ರಿ ಹತ್ತು ಗಂಟೆಗೆ ಆಕಳು ಕೂಗುತ್ತಿದೆ ಅಂತ ಅಕ್ಕ ಬ್ಯಾಟರಿ ಹಿಡಿದು ಹೋದರೆ ಒಂದು ಚೀಲದ ಬುಡ ಕೆಂಪಗೆ ಕಾಣುತ್ತಿದೆ. ಒಳಗೆ ಎಲ್ಲೋ ಒಂದು ಕೆಂಡ ಉಳಿದಿತ್ತು. ಪಕ್ಕದಲ್ಲೇ ಒಣ ಹುಲ್ಲಿನ ಅಟ್ಟ. ಆ ರಾತ್ರಿ ನೆನಪಾದರೆ ಈಗಲೂ ನನಗೆ ಬೆವರು. ಇದ್ದಿಲಿನ ಮೇಲೆ ನೀರು ಚಿಮುಕಿಸಿದರೆ ಸಾಲದು, ಮುಳುಗಬೇಕು. ಒಂದು ರಾತ್ರಿ ಹೊರಗೇ ಬಿದ್ದಿರಬೇಕು. ಈ ಒಂದು ಮಾತಲ್ಲಿ ರಾಜಿ ಇಲ್ಲ.

ಮೂರನೆಯದು ಮೆಣಸಿನ ಕುಡಿ. ನರ್ಸರಿ ಚೀಲಕ್ಕೆ ಅರ್ಧಕ್ಕರ್ಧ ಹಸಿ ಇದ್ದಿಲು ಬೆರೆಸಿ ಕುಡಿ ನೆಟ್ಟೆ. ಹಸಿ ಅಂದರೆ ಗೊಬ್ಬರ ಕುಡಿಯದ ಖಾಲಿ ಇದ್ದಿಲು. ತಿಂಗಳಲ್ಲಿ ಎಲೆಯೆಲ್ಲ ಬಿಳಿಚಿ ಹಳದಿಯಾಯಿತು. ಹಸಿದ ತೂತುಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡಿದ್ದವು, ಮೇಲಿಂದ ಬೂದಿಯ ಕ್ಷಾರ ಬೇರೆ. "ತಮ್ಮಾ, ನಿನ್ನ ಇದ್ದಿಲಿಗೂ ಊಟ ಹಾಕವು ಕಾಣ್ತು" ಅಂದಳು ಅಕ್ಕ. ಆಗ ತಮಾಷೆಗೆ ಹೇಳಿದ್ದು, ಮುಂದೆ ಅದೇ ದಾರಿಯಾಯಿತು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ಇದನ್ನು ನಾನು ಓದಿದ ಯಾವ ಕೈಪಿಡಿಯೂ ಹೇಳಿರಲಿಲ್ಲ, ಅವೆಲ್ಲ ನಮ್ಮಂಥ ಮಳೆ ನೋಡಿದವರು ಬರೆದದ್ದಲ್ಲ ಅಂತ ಕಾಣುತ್ತದೆ. ಮೇ ಕೊನೆಯಲ್ಲಿ ನಲವತ್ತು ಮರದ ಬುಡಕ್ಕೆ ಇದ್ದಿಲು ಚೆಲ್ಲಿದೆವು. ಜೂನ್ ಮೊದಲ ವಾರ ಮಳೆ ಹಿಡಿಯಿತು. ಒಣ ಇದ್ದಿಲು ತೇಲುತ್ತದೆ, ಅಲ್ವಾ? ಒಂದೇ ರಾತ್ರಿಯಲ್ಲಿ ಇಡೀ ಕಪ್ಪು ಸರಕು ಎದ್ದು ಬಸಿಗಾಲುವೆಗೆ ಇಳಿದು ಕೆಳಗಿನ ತೋಟದವರ ಹೊಂಡಕ್ಕೆ ಹೋಗಿ ಕೂತಿತು. ಬೆಳಿಗ್ಗೆ ಅವರದೇ ಫೋನು: "ನಿಮ್ಮನೇಲಿ ಎಂತಾದ್ರೂ ಸುಟ್ಟೋತಾ?"

ಎರಡನೇ ವರ್ಷ ಶುರು ಮಾಡುವ ಮೊದಲು ಭಾವ ಒಂದು ಷರತ್ತು ಹಾಕಿದರು. ಬೆಟ್ಟದ ಕಟ್ಟಿಗೆ ಮುಟ್ಟಬಾರದು. ನಮ್ಮ ಜಿಲ್ಲೆಯಲ್ಲಿ 1 ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ವ್ಯವಸ್ಥೆ ಬ್ರಿಟಿಷರ ಕಾಲದ್ದು. ಸೊಪ್ಪು, ದರಕು (ಒಣ ತರಗೆಲೆ), ಕರಡ (ಒಣ ಹುಲ್ಲು) ಎಲ್ಲ ಅಲ್ಲಿಂದಲೇ. ಎಷ್ಟೋ ಬೆಟ್ಟಗಳು ಈಗಲೇ ಸವರಿ ಸವರಿ ಬೋಳಾಗಿವೆ. ಇದ್ದಿಲಿಗೆ ಅಂತ ಅಲ್ಲಿಂದ ಮರ ಕಡಿದರೆ ಒಂದು ಕಣ್ಣಿಗೆ ಔಷಧಿ ಬಿಟ್ಟು ಇನ್ನೊಂದು ಕಣ್ಣು ಚುಚ್ಚಿಕೊಂಡ ಹಾಗೆ. ದರಕನ್ನೂ ಸುಡಬಾರದು, ಅದು ಕೊಟ್ಟಿಗೆಗೆ ಬೇಕು. ಸುಡುವುದು ಬೇರೆ ಏನಕ್ಕೂ ಬಾರದ್ದನ್ನು ಮಾತ್ರ: ಸಿಪ್ಪೆ, ಸೋಗೆಯ ದಪ್ಪ ದಂಟು, ಮುರಿದ ಅಡಿಕೆ ದಬ್ಬೆ (ಸೀಳಿದ ಮರ), ತೆಂಗಿನ ಗರಟೆ, ಬೇಲಿಯ ಗ್ಲಿರಿಸಿಡಿಯಾ ಕೋಲು. ಈ ಷರತ್ತು ಸರಿ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಹೊಂಡದ ಅಳತೆ ಬದಲಾಯಿಸಿದೆವು. ಮೇಲೆ ಐದು ಅಡಿ ಅಗಲ, ತಳ ಎರಡು ಅಡಿ, ಆಳ ಎರಡೂವರೆ ಅಡಿ, ಅಂದರೆ ಲಾಳಿಕೆ ಆಕಾರ. 2014ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕೋನ್-ಟಿಕಿ ಅನ್ನುವ ಇಂಥದ್ದೇ ಆಕಾರದ ಕಬ್ಬಿಣದ ಒಲೆ ಮಾಡಿದರು. ಅದೇ ತಂತ್ರ ನೆಲದ ಹೊಂಡದಲ್ಲೂ ನಡೆಯುತ್ತದೆ, ಖರ್ಚು ಒಂದು ದಿನದ ಗುದ್ದಲಿ ಕೆಲಸ. ತಂತ್ರ ಏನಪ್ಪಾ ಅಂದರೆ ಮೇಲಿನ ಜ್ವಾಲೆಯೇ ಮುಚ್ಚಳ. ಬೆಂಕಿ ಮೇಲಿನ ಗಾಳಿಯನ್ನೆಲ್ಲ ತಿಂದುಬಿಡುತ್ತದೆ, ಕೆಳಗಿರುವ ಇದ್ದಿಲಿಗೆ ಉರಿಯಲು ಗಾಳಿ ಸಿಗುವುದಿಲ್ಲ. ಕೆಳಗಿಂದ ಏಳುವ ಹೊಗೆ ಜ್ವಾಲೆಯಲ್ಲಿ ಹಾದು ಉರಿದುಹೋಗುತ್ತದೆ.

ಹಾಗಾಗಿ ಹೊಂಡ ತುಂಬಿ ಬೆಂಕಿ ಹಾಕುವುದಲ್ಲ. ತಳದಲ್ಲಿ ದಂಟು, ದಬ್ಬೆ ಚೂರು ಪೇರಿಸಿ ಮೇಲಿಂದ ಹೊತ್ತಿಸುವುದು. ಅದು ಕೆಂಡವಾಗಿ ಮೇಲೆ ತೆಳ್ಳಗೆ ಬಿಳಿ ಬೂದಿ ಕಂಡ ಕ್ಷಣ ಇನ್ನೊಂದು ತೆಳು ಪದರ. ಮತ್ತೆ ಬಿಳಿ ಬೂದಿ, ಮತ್ತೆ ಪದರ. ತಡ ಮಾಡಿದರೆ ಇದ್ದಿಲು ಬೂದಿಯಾಗುತ್ತದೆ. ಅವಸರ ಮಾಡಿದರೆ ಹೊಗೆ. ಒಂದು ಪದರ ಕಟ್ಟಿಗೆ ಚೂರು, ಒಂದು ಪದರ ಸಿಪ್ಪೆ, ಸಿಪ್ಪೆಯನ್ನು ಬುಟ್ಟಿಯಿಂದ ಸುರಿಯದೆ ಕೈಯಲ್ಲಿ ಉದುರಿಸಬೇಕು, ಭತ್ತ ಬಿತ್ತುವ ಹಾಗೆ. ಭಾವನ ಕೈಗೆ ಇದು ಎರಡನೇ ಸಲಕ್ಕೇ ಹತ್ತಿತು. ನನಗೆ ಇನ್ನೂ ಹತ್ತಿಲ್ಲ, ನಾನು ಮಾತಾಡುತ್ತಾ ಮರೆತುಬಿಡುತ್ತೇನೆ.

ಮೂರು ಗಂಟೆ ಆಟ. ಬೆಳಿಗ್ಗೆ ಆರಕ್ಕೆ ಶುರು, ಗಾಳಿ ಏಳುವ ಮೊದಲು ಮುಗಿಯಬೇಕು, ಮಾರ್ಚ್ ಏಪ್ರಿಲ್‌ನಲ್ಲಿ ಬೆಟ್ಟಕ್ಕೆ ಕಿಡಿ ಹಾರಿದರೆ ಊರೇ ಓಡಬೇಕಾಗುತ್ತದೆ. ಕೊನೆಗೆ ಇನ್ನೂರು ಲೀಟರಿನ ಡ್ರಮ್ಮಿನ ನೀರು ಪೂರ್ತಿ. ಆ ಬೇಸಿಗೆಯಲ್ಲಿ ಬಾವಿಯ ನೀರು ಸುರಿಯಲು ಮನಸ್ಸು ಬರುವುದಿಲ್ಲ, ತೋಟದ ಕೆಳಗಿನ ಹೊಂಡದ ಕೆಸರು ನೀರೇ ಸಾಕು. ಅಡಿಯಲ್ಲಿ ನಿಂತ ಕಪ್ಪು ನೀರನ್ನು ಚೆಲ್ಲಬೇಡಿ, ಸಿಪ್ಪೆಯ ಪೊಟ್ಯಾಷ್ ಒಂದಷ್ಟು ಅದರಲ್ಲೇ ಕರಗಿರುತ್ತದೆ. ಅಕ್ಕ ಅದಕ್ಕೆ ಇನ್ನಷ್ಟು ನೀರು ಬೆರೆಸಿ ತೆಂಗಿನ ಬುಡಕ್ಕೆ ಹೊಯ್ಯುತ್ತಾಳೆ.

ಚೆನ್ನಾಗಿ ಬೆಂದ ಇದ್ದಿಲು ಗುರುತಿಸುವುದು ಸುಲಭ. ಒಂದು ಚೂರು ಕಲ್ಲಿನ ಮೇಲೆ ಬೀಳಿಸಿದರೆ ಗಾಜಿನ ಬಳೆಯಂತೆ ಕಿಣಿ ಅನ್ನುತ್ತದೆ. ಬೆರಳಲ್ಲಿ ಉಜ್ಜಿದರೆ ಕಪ್ಪಾಗುತ್ತದೆ, ಬರೀ ನೀರಲ್ಲಿ ತೊಳೆದರೆ ಹೋಗುತ್ತದೆ. ಜಿಡ್ಡು ಅಂಟಿಕೊಂಡು ಸೋಪು ಬೇಕಾಯಿತು ಅಂದರೆ ಸರಿಯಾಗಿ ಬೆಂದಿಲ್ಲ.

ಒಂದು ಸುಡುವಿಕೆಗೆ ಹದಿನೈದು ಚೀಲ ಸಿಪ್ಪೆ, ಹೆಚ್ಚುಕಮ್ಮಿ ಅಷ್ಟೇ ತೂಕದ ಕಟ್ಟಿಗೆ ಚೂರು. ಸಿಗುವುದು ಐದು ಚೀಲ ಇದ್ದಿಲು, ಒಣ ತೂಕ ಸುಮಾರು 40 ಕಿಲೋ. ನೂರು ಕಿಲೋ ಒಣ ಸರಕಿಗೆ 20ರಿಂದ 25 ಕಿಲೋ, ಅದಕ್ಕಿಂತ ಜಾಸ್ತಿ ಹೊಂಡದಿಂದ ನಿರೀಕ್ಷೆ ಮಾಡಬೇಡಿ. ಮರಕ್ಕೆ 2 ಕಿಲೋ ಅಂದರೆ ಒಂದು ಸುಡುವಿಕೆ ಇಪ್ಪತ್ತು ಮರಕ್ಕೆ. ಐನೂರು ಮರಕ್ಕೆ ಇಪ್ಪತ್ತೈದು ಸುಡುವಿಕೆ. ಅದು ಒಂದು ಬೇಸಿಗೆಯಲ್ಲಿ ಆಗುವ ಕೆಲಸವೇ ಅಲ್ಲ. ಭಾವ ವರ್ಷಕ್ಕೆ ಎಂಟು ಮಾಡುತ್ತಾರೆ, ನೂರ ಅರವತ್ತು ಮರ. ಮೂರು ವರ್ಷಕ್ಕೆ ತೋಟ ಹೆಚ್ಚುಕಮ್ಮಿ ಒಂದು ಸುತ್ತು. ಇದ್ದಿಲು ಕರಗಿ ಹೋಗುವುದಿಲ್ಲವಾದ್ದರಿಂದ ಅವಸರ ಇಲ್ಲ.

ಆದರೆ ಇಡೀ ಪ್ರಕರಣದಲ್ಲಿ ನಿಜವಾಗಿ ತಿರುವು ಕೊಟ್ಟದ್ದು ಹೊಂಡ ಅಲ್ಲ, ಕೊಟ್ಟಿಗೆ. ಇದ್ದಿಲಿಗೆ ಊಟ ಹಾಕಬೇಕು ಅಂದಿದ್ದಳಲ್ಲ ಅಕ್ಕ, ಚೀಲದಲ್ಲಿ ತುಳಿದು ಪುಡಿ ಮಾಡಿದ ಇದ್ದಿಲನ್ನು ಕೊಟ್ಟಿಗೆಯ ಗಂಜಲ ಹರಿಯುವ ಕಾಲುವೆಗೆ ಸುರಿದಳು. ದಿನಾ ಒಂದು ಬುಟ್ಟಿ, ದರಕಿನ ಜೊತೆ. ಗಂಜಲವನ್ನೆಲ್ಲ ಹೀರಿಕೊಂಡಿತು. ಮಳೆಗಾಲದಲ್ಲಿ ಕೊಟ್ಟಿಗೆಗೆ ಹೋದರೆ ಮೂಗಿಗೆ ಹೊಡೆಯುವ ಆ ಘಾಟು ವಾರದಲ್ಲಿ ಇಳಿಯಿತು. ಘಾಟು ಅಂದರೆ ಹಾರಿಹೋಗುತ್ತಿರುವ ಸಾರಜನಕವೇ, ಅದು ಈಗ ಇದ್ದಿಲಲ್ಲಿ ಉಳಿಯುತ್ತಿದೆ. ನೇಪಾಳದ ರೈತರ ಜಮೀನಿನಲ್ಲಿ ಮಾಡಿದ ಕುಂಬಳಕಾಯಿ ಪ್ರಯೋಗವೊಂದು 2015ರಲ್ಲಿ ಪ್ರಕಟವಾಗಿದೆ. ದನದ ಗಂಜಲ ಕುಡಿಸಿದ ಇದ್ದಿಲನ್ನು ಹೆಕ್ಟೇರಿಗೆ ಬರೀ 750 ಕಿಲೋ, ಬೇರಿನ ಹತ್ತಿರ ಹಾಕಿದ್ದರು. ಬರೀ ಗಂಜಲ ಹಾಕಿದ್ದಕ್ಕಿಂತ ನಾಲ್ಕು ಪಟ್ಟು ಕಾಯಿ, ಬರೀ ಇದ್ದಿಲು ಹಾಕಿದ್ದಕ್ಕಿಂತ 85 ಶೇಕಡಾ ಜಾಸ್ತಿ. ಅಕ್ಕ ಅದನ್ನು ಓದಿರಲಿಲ್ಲ, ಕೊಟ್ಟಿಗೆ ಗಲೀಜು ಕಡಿಮೆಯಾದರೆ ಸಾಕು ಅಂತ ಮಾಡಿದ್ದು.

ಇದರಿಂದ ಕಾಲದ ಲೆಕ್ಕವೂ ತಾನಾಗಿ ಕೂಡಿಕೊಂಡಿತು. ಚಾಲಿ ಸುಲಿದ ಮೇಲೆ ಮಾರ್ಚ್ ಏಪ್ರಿಲ್‌ನಲ್ಲಿ ಸುಡುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ ಪೂರ್ತಿ ಇದ್ದಿಲು ಕೊಟ್ಟಿಗೆಯಲ್ಲಿ, ಗೊಬ್ಬರಗುಂಡಿಯಲ್ಲಿ, ಗೋಬರ್ ಗ್ಯಾಸಿನ ಬಗ್ಗಡದಲ್ಲಿ ಕೂತು ಉಣ್ಣುವುದು. ನವರಾತ್ರಿ ಮುಗಿದು ಮಳೆ ಹಿಂದೆ ಸರಿದ ಮೇಲೆ ಹೇಗೂ ತೋಟಕ್ಕೆ ಗೊಬ್ಬರ ಹೊರುತ್ತೇವಲ್ಲ, ಅದರ ಜೊತೆಗೇ ಮರದ ಬುಡಕ್ಕೆ. ಬುಡದಿಂದ ಎರಡು ಅಡಿ ದೂರ ಸುತ್ತ ತೆಳು ಕಾಲುವೆ ಬಿಡಿಸಿ, ಹಾಕಿ, ಮಣ್ಣು ಮುಚ್ಚುವುದು. ಈಗ ತೇಲುವ ಮಾತೇ ಇಲ್ಲ. ಗೊಬ್ಬರ ಹೊರುವ ಆಳೇ ಇದನ್ನೂ ಹೊರುತ್ತಾನೆ, ಬೇರೆ ಕೂಲಿ ಇಲ್ಲ.

ಫಲ ಏನು ಅಂತ ಕೇಳುತ್ತೀರಿ. ಮೂರನೇ ವರ್ಷದ ಕೊನೆಗೆ, ಮೊದಲು ಹಾಕಿದ ಸಾಲಿನ ಮಣ್ಣು ಪಿಎಚ್ 5.6ಕ್ಕೆ ಬಂದಿದೆ. ಹಾಕದ ಸಾಲು ಇದ್ದಲ್ಲೇ ಇದೆ. ಗೊಬ್ಬರ ಎರಡಕ್ಕೂ ಅಷ್ಟಷ್ಟೇ ಹಾಕಿದ್ದು. ಅಕ್ಟೋಬರ್‌ನಲ್ಲಿ ಒಂದು ಬುಡ ಬಿಡಿಸಿ ನೋಡಿದೆವು. ಹೆಬ್ಬೆರಳಿನಷ್ಟು ದೊಡ್ಡ ಇದ್ದಿಲ ಚೂರಿನೊಳಕ್ಕೆ ಬಿಳಿ ಎಳೆಬೇರು ನುಗ್ಗಿ, ಇನ್ನೊಂದು ಕಡೆಯಿಂದ ಹೊರಗೆ ಬಂದಿತ್ತು. ಭಾವ ಅದನ್ನು ಅಂಗೈಯಲ್ಲಿಟ್ಟುಕೊಂಡು ತುಂಬಾ ಹೊತ್ತು ನೋಡಿದರು, ಆಮೇಲೆ ಮಾವನಿಗೆ ತೋರಿಸಲು ಎಲೆಯಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡರು. ಮಾರ್ಚ್‌ನ ಬಿಸಿಲಲ್ಲಿ ಆ ಸಾಲಿನ ಮಣ್ಣು ಕೈಗೆ ತಂಪು, ನೀರು ಕೊಡುವುದು ಎರಡು ದಿನ ತಡವಾದರೂ ನಡೆಯುತ್ತದೆ. ಮೆಣಸಿನ ಕುಡಿಗೆ ಈ ಸಲ ಹತ್ತಕ್ಕೆ ಒಂದು ಪಾಲು ಮಾತ್ರ, ಅದೂ ಗೊಬ್ಬರ ಉಂಡ ಇದ್ದಿಲು ಬೆರೆಸಿದ್ದು. ಎಲೆ ಕಡು ಹಸಿರು. ಅಡಿಕೆ ಇಳುವರಿ ಏರಿತಾ ಅಂದರೆ, ಮೂರು ವರ್ಷದಲ್ಲಿ ಅಡಿಕೆ ಮರದ ಮೇಲೆ ತೀರ್ಪು ಕೊಡುವವನು ಸುಳ್ಳ. ಕೊಳೆ ರೋಗಕ್ಕಂತೂ ಇದು ಮದ್ದಲ್ಲ. ಮೈಲುತುತ್ತ, ಸುಣ್ಣ ಹೊಡೆಯುವುದು ಹೊಡೆಯಲೇಬೇಕು.

ನಡುವೆ ಇಬ್ಬರು ಟ್ಯಾಬ್ ಹಿಡಿದು ಬಂದಿದ್ದರು, ಕಾರ್ಬನ್ ಕ್ರೆಡಿಟ್, ಅಂದರೆ ಇಂಗಾಲವನ್ನು ಮಣ್ಣಲ್ಲಿ ಹಿಡಿದಿಟ್ಟದ್ದಕ್ಕೆ ದುಡ್ಡು, ಕೊಡಿಸುತ್ತೇವೆ ಅಂತ. ಪ್ರತಿ ಸುಡುವಿಕೆಯ ಫೋಟೋ ಬೇಕಂತೆ. ಲೆಕ್ಕ ಹಾಕಿ ನೋಡಿದೆ. ವರ್ಷಕ್ಕೆ ಎಂಟು ಸುಡುವಿಕೆ, 320 ಕಿಲೋ ಇದ್ದಿಲು, ಅದರಲ್ಲಿ ಮುಕ್ಕಾಲು ಪಾಲು ಇಂಗಾಲ ಅಂದುಕೊಂಡರೂ ಕಾರ್ಬನ್ ಡೈಆಕ್ಸೈಡ್ ಲೆಕ್ಕದಲ್ಲಿ ಒಂದು ಟನ್ ಮುಟ್ಟುವುದಿಲ್ಲ. ಅದರ ದುಡ್ಡಿನಲ್ಲಿ ಅವರಿಗೆ ಚಹಾ ಕೊಟ್ಟ ಖರ್ಚು ಹುಟ್ಟಬಹುದು. ಊರಿನ ನೂರು ಮನೆ ಸೇರಿದರೆ ಬೇರೆ ಮಾತು. ಒಂದೆಕರೆಯವನು ಆ ಆಸೆಗೆ ಇದ್ದಿಲು ಮಾಡಲು ಹೊರಟರೆ ಎರಡನೇ ವರ್ಷಕ್ಕೇ ಹೊಂಡ ಮುಚ್ಚುತ್ತಾನೆ.

ಹಾಗಾದರೆ ಯಾರಿಗೆ ಇದು? ಚಾಲಿ ಮಾಡುವವರಿಗೆ, ಮನೆಯಲ್ಲಿ ಎರಡು ದನ ಇರುವವರಿಗೆ, ಬೆಳಿಗ್ಗೆ ಮೂರು ಗಂಟೆ ಹೊಂಡದ ಮುಂದೆ ಕೂರುವ ತಾಳ್ಮೆ ಇರುವವರಿಗೆ. ಹಸಿ ಸಿಪ್ಪೆಯವರು ಒಣಗಿಸುವ ಜಾಗ ಇಲ್ಲದೆ ಶುರು ಮಾಡಬೇಡಿ, ಹೊಗೆ ತಿನ್ನುತ್ತೀರಿ. ದನ ಇಲ್ಲದ ಮನೆಯವರು ಕಾಂಪೋಸ್ಟಿನಲ್ಲಿ ತಿಂಗಳ ಮೇಲಾದರೂ ಬೆರೆಸಿಡಬೇಕು, ಖಾಲಿ ಇದ್ದಿಲು ಖಂಡಿತ ಬೇಡ. ಆಳು ಇಟ್ಟೇ ಮಾಡಿಸುತ್ತೇನೆ ಅನ್ನುವವರಿಗೆ ಲೆಕ್ಕ ಕೂಡುವುದಿಲ್ಲ ಅಂತ ನನ್ನ ಅಂದಾಜು. ಭಾವನಿಗೆ ಕೂಡಿದ್ದು ಗಂಡ ಹೆಂಡತಿ ಇಬ್ಬರೇ ಮಾಡಿಕೊಂಡಿದ್ದಕ್ಕೆ. ಸಿಪ್ಪೆಯ ರಾಶಿ ಹೇಗೂ ಏನಾದರೂ ಮಾಡಲೇಬೇಕಾದ ತಲೆನೋವಾಗಿತ್ತು, ಅದೂ ಒಂದು ಕಾರಣ.

ಈ ಏಪ್ರಿಲ್‌ನಲ್ಲಿ ಹೋದಾಗ ಕೊಟ್ಟಿಗೆ ಹಿಂದೆ ರಾಶಿ ಇರಲಿಲ್ಲ. ಐದನೇ ಸುಡುವಿಕೆಗೇ ಸಿಪ್ಪೆ ಖಾಲಿಯಾಗಿತ್ತು. ಕೆಳಗಿನ ತೋಟದವರನ್ನು ಕೇಳಲು ಹೋದರೆ, ಮೊದಲ ವರ್ಷ ಫೋನ್ ಮಾಡಿದ್ದರಲ್ಲ ಅವರೇ, ಪುಕ್ಕಟೆ ಕೊಡಲು ಒಪ್ಪಲಿಲ್ಲ. ಎರಡು ಚೀಲ ಸಿಪ್ಪೆಗೆ ಒಂದು ಬುಟ್ಟಿ ಕರಿ ಗೊಬ್ಬರ ವಾಪಸ್ ಬರಬೇಕಂತೆ, ಅದೂ ಗಂಜಲ ಕುಡಿದದ್ದು. ಭಾವ ಜಗಲಿಯ ಕ್ಯಾಲೆಂಡರಿನ ಹಿಂದೆ ಇನ್ನೂ ಲೆಕ್ಕ ಹಾಕುತ್ತಿದ್ದಾರೆ.